ಆ ಕಾಲವೇ ಹಾಗಿತ್ತೆ?

ಕಳೆದ ಅಕ್ಟೋಬರಿನ ಎರಡನೆಯ ಸೋಮವಾರ, ಕೊಲಂಬಸ್ ದಿನದ ರಜೆಯೆಂದು ನಾವು ನಾಲ್ಕೈದು ಸಂಸಾರಗಳು ಮಿತ್ರರೊಬ್ಬರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಬಿಸಿಬೇಳೆ ಭಾತು, ಮೊಸರನ್ನ ಮುಗಿಸಿ ಹರಟೆಗೆ ಕುಳಿತಿದ್ದಾಗ ಆರನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಯ ಹಾಳೆ ಹಿಡಿದು ಬಂದಳು. "ಕೊಲಂಬಸ್ ಒಳ್ಳೆಯವನೋ ಕೆಟ್ಟವನೋ? ಒಂದು ಪುಟ ಬರೆಯಬೇಕು, ಹೇಳಿ" ಎಂದಳು. ನಮ್ಮಲ್ಲಿ ಹಿರಿಯರೊಬ್ಬರು, "ಐನೂರು ವರ್ಷದ ಹಿಂದಿನವನನ್ನು ಇಂದಿನ ತಕ್ಕಡಿಯಲ್ಲಿ ತೂಗಬಾರದಮ್ಮ. ಆ ಕಾಲವೇ ಹಾಗಿತ್ತು" ಎಂದರು. ನಾವೆಲ್ಲ ತಲೆಯಾಡಿಸಿದೆವು. ಹುಡುಗಿ ಅಲ್ಲಿಂದ ಕದಲಲಿಲ್ಲ. "ಆ ಕಾಲದವರಲ್ಲಿ ಒಬ್ಬರಿಗೂ ಅದು ತಪ್ಪು ಅನ್ನಿಸಲೇ ಇಲ್ವಾ?" ಎಂದಳು.

ನಮಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಊರಿನ ಗ್ರಂಥಾಲಯದಿಂದ ಪುಸ್ತಕಗಳನ್ನು ತಂದು ಓದಿದೆವು. ಅಂದು ಆ ಮಗುವಿಗೆ ಹೇಳಬೇಕಾಗಿದ್ದುದನ್ನು ಈಗ ಬರೆಯುತ್ತಿದ್ದೇವೆ.

ಮೊದಲು ಕಥೆ. 1492ರ ಅಕ್ಟೋಬರ್ 12ರಂದು ಕೊಲಂಬಸ್ ಕೆರಿಬಿಯನ್ ದ್ವೀಪವೊಂದರಲ್ಲಿ ಇಳಿದ. ತಾನು ತಲುಪಿದ್ದು ಇಂಡಿಯಾದ ಸೀಮೆಯೆಂದೇ ಅವನ ನಂಬಿಕೆ. ಹಾಗಾಗಿ ಅಲ್ಲಿಯ ತಾಯಿನೋ ಜನರಿಗೆ ನಮ್ಮ ಹೆಸರು ಅಂಟಿತು. ಮರುವರ್ಷವೇ ಪೋಪ್ ಆರನೆಯ ಅಲೆಗ್ಸಾಂಡರ್, ಹೊಸದಾಗಿ ಕಂಡ ನೆಲವನ್ನೆಲ್ಲ ಸ್ಪೇನಿನ ಅರಸರಿಗೆ ಬರೆದುಕೊಟ್ಟರು. 1494ರ ತೋರ್ದೆಸಿಲ್ಲಾಸ್ ಒಪ್ಪಂದದಲ್ಲಿ ಸ್ಪೇನ್, ಪೋರ್ಚುಗಲ್ ಸಮುದ್ರದ ಮೇಲೆ ಗೆರೆ ಎಳೆದು ಲೋಕವನ್ನು ಪಾಲು ಮಾಡಿಕೊಂಡವು. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಹಾಗೆ! ಅತ್ತೆಯನ್ನು ಮಾತ್ರ ಯಾರೂ ಕೇಳಲಿಲ್ಲ.

1495ರಲ್ಲಿ ಕೊಲಂಬಸ್ ಸುಮಾರು 500 ಜನ ತಾಯಿನೋಗಳನ್ನು ಹಡಗಿಗೆ ತುಂಬಿ ಮಾರಾಟಕ್ಕೆಂದು ಸ್ಪೇನಿಗೆ ಕಳುಹಿಸಿದ. ಸುಮಾರು 200 ಜನ ದಾರಿಯಲ್ಲೇ ಸತ್ತರು. ರಾಣಿ ಇಸಾಬೆಲ್ಲಾಳ ಮನಸ್ಸಿಗೆ ಇದು ಚುಚ್ಚಿತು. ಹೀಗೆ ಮಾರುವುದು ಸರಿಯೇ ಎಂದು ಪಂಡಿತರನ್ನು ಕೇಳಿಸಿದಳು. 1500ರಲ್ಲಿ, ಮಾರಾಟವಾಗಿದ್ದವರನ್ನು ಬಿಡಿಸಿ ತಾಯ್ನಾಡಿಗೆ ಕಳುಹಿಸಲು ಆಜ್ಞೆ ಮಾಡಿದಳು. ಅದೇ ರಾಣಿ 1503ರಲ್ಲಿ, ಆ ಜನರನ್ನು ಸ್ಪೇನಿನವರ ಗಣಿ, ಹೊಲಗಳಲ್ಲಿ ಬಲವಂತದಿಂದ ದುಡಿಸಲು ಒಪ್ಪಿಗೆ ಕೊಟ್ಟಳು. ಕಾಗದದ ಮೇಲೆ ಅವರು ಕೂಲಿ ಪಡೆಯುವ ಸ್ವತಂತ್ರ ಪ್ರಜೆಗಳು. ದ್ವೀಪದಲ್ಲಿ ಅವರ ಬಾಳು ಗುಲಾಮಗಿರಿಯೇ. ತಪ್ಪೆಂದು ಗೊತ್ತಾದ ಮೇಲೂ ಹೆಸರು ಬದಲಿಸಿ ಅದನ್ನೇ ಮುಂದುವರಿಸುವ ಜಾಣತನ ಆ ಕಾಲದ್ದು ಮಾತ್ರವೇ?

ಈಗ ಹುಡುಗಿಯ ಪ್ರಶ್ನೆಗೆ ಬರೋಣ. 1511ರ ಡಿಸೆಂಬರ್ 21, ಭಾನುವಾರ. ಸಾಂತೋ ದೊಮಿಂಗೋ ಊರಿನ ಚರ್ಚಿನಲ್ಲಿ ಅಂತೋನಿಯೋ ಮೊಂತೆಸಿನೋಸ್ ಎಂಬ ಡೊಮಿನಿಕನ್ ಸನ್ಯಾಸಿ ಪ್ರವಚನಕ್ಕೆ ನಿಂತ. ಎದುರಿಗೆ ಕುಳಿತವರು ರಾಜ್ಯಪಾಲ ದಿಯೇಗೋ ಕೊಲಂಬಸ್, ಅಂದರೆ ಕೊಲಂಬಸನ ಮಗ, ಮತ್ತು ಊರಿನ ಜಮೀನ್ದಾರರು. ಯಾವ ಹಕ್ಕಿನಿಂದ ಈ ಜನರನ್ನು ಹೀಗೆ ಹಿಂಸಿಸುತ್ತೀರಿ, ಇವರು ಮನುಷ್ಯರಲ್ಲವೇ, ನೀವೆಲ್ಲ ಮಹಾಪಾಪದಲ್ಲಿ ಮುಳುಗಿದ್ದೀರಿ ಎಂದು ಆತ ಮುಖಕ್ಕೆ ಹೊಡೆದಂತೆ ಕೇಳಿದ. ಅದು ಒಬ್ಬನ ಆವೇಶವಾಗಿರಲಿಲ್ಲ. ಮಠದ ಸನ್ಯಾಸಿಗಳೆಲ್ಲ ಕೂಡಿ ಯೋಚಿಸಿ, ಬರೆದು, ಸಹಿ ಹಾಕಿದ ಮಾತು. ಕೆರಳಿದ ದೊಡ್ಡವರು ಮಠಕ್ಕೆ ನುಗ್ಗಿ, ಮುಂದಿನ ಭಾನುವಾರ ಮಾತು ಹಿಂತೆಗೆದುಕೊಳ್ಳಬೇಕೆಂದರು. ಮುಂದಿನ ಭಾನುವಾರ ಮೊಂತೆಸಿನೋಸ್ ಅದನ್ನೇ ಇನ್ನಷ್ಟು ಬಿರುಸಾಗಿ ಹೇಳಿದ!

ಅಂದರೆ ಆ ಕಾಲದಲ್ಲೇ ಆ ಮಾತು ಹುಟ್ಟಿತ್ತು, ಕೇಳಬೇಕಾದವರ ಕಿವಿಗೂ ಬಿದ್ದಿತ್ತು. ಆಮೇಲೆ ಅವರು ಮಾಡಿದ್ದನ್ನು ಅಜ್ಞಾನವೆನ್ನಲಾಗದು.

1513ರ ಹೊತ್ತಿಗೆ ಆಸ್ಥಾನದ ಪಂಡಿತರು ಒಂದು ಪತ್ರ ರಚಿಸಿದರು. ಯುದ್ಧಕ್ಕೆ ಮೊದಲು ಅದನ್ನು ಅಲ್ಲಿಯ ಜನರಿಗೆ ಓದಿ ಹೇಳಬೇಕು: ಪೋಪರನ್ನೂ ಸ್ಪೇನಿನ ದೊರೆಗಳನ್ನೂ ಒಪ್ಪಿಕೊಳ್ಳಿ, ಇಲ್ಲವಾದರೆ ಮುಂದಾಗುವ ಸಾವುನೋವಿಗೆ ನೀವೇ ಹೊಣೆ. ಓದುತ್ತಿದ್ದುದು ಅವರಿಗೆ ಅರ್ಥವಾಗದ ಭಾಷೆಯಲ್ಲಿ, ಕೆಲವೊಮ್ಮೆ ಜನರೇ ಇಲ್ಲದ ಹಳ್ಳಿಯ ಮುಂದೆ. ಇದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದೆಂದು ಬರೆದವರು ಬಾರ್ತೊಲೊಮೆ ದೆ ಲಾಸ್ ಕಾಸಾಸ್. ಒಂದು ಮಾತು ಗಮನಿಸಿ. ತಪ್ಪೆಂಬ ಅಳುಕು ಇಲ್ಲದಿದ್ದರೆ ಇಂಥ ಪತ್ರ ಏಕೆ ಬೇಕಿತ್ತು?

ಈ ಲಾಸ್ ಕಾಸಾಸರ ಕಥೆ ಇನ್ನೂ ತೊಡಕಿನದು. ಅವರು 1502ರಲ್ಲಿ ದ್ವೀಪಕ್ಕೆ ಬಂದರು. ಪಾದ್ರಿಯಾಗಿದ್ದೂ ಆಳುಗಳನ್ನು ಇಟ್ಟುಕೊಂಡು ಸುಖವಾಗಿದ್ದರು. ಆಳುಗಳಿದ್ದ ಕಾರಣಕ್ಕೆ ಸನ್ಯಾಸಿಯೊಬ್ಬ ಅವರ ಪಾಪನಿವೇದನೆ ಕೇಳಲು ಒಪ್ಪಲಿಲ್ಲ. ಆಗಲೂ ಅವರು ಬದಲಾಗಲಿಲ್ಲ. 1514ರಲ್ಲಿ ಕ್ಯೂಬಾದಲ್ಲಿ ಪ್ರವಚನಕ್ಕೆ ಸಿದ್ಧವಾಗುತ್ತಿದ್ದಾಗ ಧರ್ಮಗ್ರಂಥದ ಮಾತೊಂದು ಅವರನ್ನು ಹಿಡಿದು ನಿಲ್ಲಿಸಿತು. ಆಳುಗಳನ್ನು ಬಿಟ್ಟುಕೊಟ್ಟರು. ಅಲ್ಲಿಂದ 1566ರಲ್ಲಿ ಸಾಯುವವರೆಗೂ ಇದೇ ಹೋರಾಟ. 1550-51ರಲ್ಲಿ ವಯ್ಯದೊಲಿದ್ ನಗರದಲ್ಲಿ, ಕೆಲವರು ಹುಟ್ಟಿನಿಂದಲೇ ದಾಸರು ಎಂಬ ಅರಿಸ್ಟಾಟಲನ ವಾದ ಹಿಡಿದ ಸೆಪುಲ್ವೇದಾನ ಎದುರು ನಿಂತು ವಾದಿಸಿದರು. ತೀರ್ಪು ಹೊರಬೀಳಲೇ ಇಲ್ಲ. ಆದರೂ ತಮ್ಮ ಗೆಲುವು ನ್ಯಾಯವೇ ಎಂದು ಗೆದ್ದವರೇ ಸಭೆ ಕರೆದು ಕೇಳಿಕೊಂಡದ್ದು ಸಣ್ಣ ಸಂಗತಿಯಲ್ಲ.

ಆದರೆ ಅವರನ್ನು ದೇವರ ಮನೆಯಲ್ಲಿ ಕೂರಿಸುವಂತಿಲ್ಲ. ತಾಯಿನೋಗಳ ಹೊರೆ ಇಳಿಸಲು ಆಫ್ರಿಕಾದ ಗುಲಾಮರನ್ನು ತರಿಸಬಹುದೆಂದು 1516ರಲ್ಲಿ ಸಲಹೆ ಕೊಟ್ಟವರೂ ಅವರೇ! ಅದೂ ಅಷ್ಟೇ ಅನ್ಯಾಯವೆಂದು ಮುಂದೆ ತಾವೇ ಪಶ್ಚಾತ್ತಾಪಪಟ್ಟು ಬರೆದರು. ಒಂದು ಅನ್ಯಾಯಕ್ಕೆ ತೆರೆದ ಕಣ್ಣು ಇನ್ನೊಂದಕ್ಕೆ ಮುಚ್ಚಿರಬಲ್ಲದು. ಹಾಗಾಗಿ ಹಿಂದಿನವರನ್ನು ತೂಗುವಾಗ ಎರಡು ಬಟ್ಟು ಬೇಕೆಂದು ನಮಗೆ ತೋರುತ್ತದೆ. ಕಾಣದೆ ಮಾಡಿದ ತಪ್ಪು ಒಂದು, ತೋರಿಸಿದ ಮೇಲೂ ಬಿಡದ ತಪ್ಪು ಇನ್ನೊಂದು. ಮೊದಲನೆಯದಕ್ಕೆ ಕ್ಷಮೆಯುಂಟು. ಎರಡನೆಯದಕ್ಕೆ ಕಾಲದ ನೆಪ ಒದಗದು.

ಇನ್ನೊಂದು ಮಾತಿದೆ. "ಆ ಕಾಲ" ಎನ್ನುವಾಗ ನಾವು ಯಾರ ಕಾಲವನ್ನು ಲೆಕ್ಕಕ್ಕೆ ಹಿಡಿಯುತ್ತೇವೆ? ತಾಯಿನೋ ನಾಯಕ ಹಾತುವೇ ಕೂಡ ಅದೇ ಕಾಲದವನು. ಅವನನ್ನು 1512ರಲ್ಲಿ ಕ್ಯೂಬಾದಲ್ಲಿ ಕಂಬಕ್ಕೆ ಕಟ್ಟಿ ಸುಟ್ಟರು. ಬೆಂಕಿಯಿಡುವ ಮುನ್ನ, ಕ್ರೈಸ್ತನಾದರೆ ಸ್ವರ್ಗ ಸಿಗುತ್ತದೆ ಎಂದು ಸನ್ಯಾಸಿಯೊಬ್ಬ ಹೇಳಿದ. ಸ್ಪೇನಿನವರೂ ಅಲ್ಲಿಗೇ ಹೋಗುತ್ತಾರೆಯೇ ಎಂದು ಹಾತುವೇ ಕೇಳಿದ. ಹೌದೆಂದಾಗ, ಹಾಗಾದರೆ ತನಗೆ ಆ ಸ್ವರ್ಗ ಬೇಡವೆಂದ. ಇದನ್ನು ದಾಖಲಿಸಿದವರೂ ಲಾಸ್ ಕಾಸಾಸರೇ. ಆ ಕಾಲವನ್ನು ಹಾತುವೇಯ ಬಾಯಿಂದ ಕೇಳಿದರೆ "ಹಾಗಿತ್ತು" ಎಂಬ ಸಮಾಧಾನ ಉಳಿಯುವುದಿಲ್ಲ.

ಇದೆಲ್ಲ ಬಿಳಿಯರ ಕಥೆ, ನಮಗೇನು ಎನ್ನಬೇಡಿ. 1510ರಲ್ಲಿ ಆಲ್ಬುಕರ್ಕ್ ಬಿಜಾಪುರದವರ ಕೈಯಿಂದ ಗೋವೆಯನ್ನು ಕಿತ್ತುಕೊಂಡಾಗ ಅವನ ಬೆನ್ನಿಗೆ ನಿಂತವರಲ್ಲಿ ನಮ್ಮ ಹೊನ್ನಾವರದ ತಿಮ್ಮಯ್ಯನೂ ಇದ್ದ. ಊರು ಬಿದ್ದ ಮೇಲೆ ಅಲ್ಲಿಯ ಮುಸಲ್ಮಾನರ ಕೊಲೆ ನಡೆಯಿತು. ಅದನ್ನು ಆಲ್ಬುಕರ್ಕನೇ ತನ್ನ ದೊರೆಗೆ ಹೆಮ್ಮೆಯಿಂದ ಬರೆದ.

ಇನ್ನು ಇಲ್ಲಿಯ ನಮ್ಮ ಮಾತು. ನೆಲದ ಒಡೆತನ ಅದನ್ನು "ಕಂಡುಹಿಡಿದ" ಯೂರೋಪಿನ ರಾಷ್ಟ್ರದ್ದು, ಮೂಲನಿವಾಸಿಗಳಿಗೆ ವಾಸದ ಹಕ್ಕು ಮಾತ್ರ ಎಂದು 1823ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ನಾವು ಮೂವತ್ತು ವರ್ಷದ ಸಾಲ ಮಾಡಿ ಕೊಂಡ ಮನೆಯ ಪತ್ರಗಳ ಬೇರು ಹುಡುಕುತ್ತ ಹೋದರೆ ಅಲ್ಲಿಗೇ ಮುಟ್ಟುತ್ತದೆ. ಆ ಸಿದ್ಧಾಂತವನ್ನು ತಾನು ಒಪ್ಪುವುದಿಲ್ಲವೆಂದು ವ್ಯಾಟಿಕನ್ ಸಾರಿದ್ದು 2023ರಲ್ಲಿ. ನಾವು ಯಾರಿಂದಲೂ ಕಿತ್ತುಕೊಳ್ಳಲಿಲ್ಲ, ನಿಜ. ಆದರೆ ಕಿತ್ತುಕೊಂಡ ನೆಲದ ಮೇಲೆ ತುಳಸಿಕಟ್ಟೆ ಕಟ್ಟಿದ್ದೇವೆ. ಮನೆ ಬಿಟ್ಟು ಹೋಗಬೇಕೆಂದು ನಾವು ಹೇಳುತ್ತಿಲ್ಲ. ಗೊತ್ತಿಲ್ಲದವರಂತೆ ಇರಬಾರದು, ಅಷ್ಟೆ.

ಸತ್ತವರನ್ನು ಕಟಕಟೆಗೆ ಎಳೆದು ಅವರಿಗೇನೂ ಆಗಬೇಕಾದ್ದಿಲ್ಲ. ಆದರೆ ಅವರಿಗೆ "ಆ ಕಾಲ" ಎಂಬ ರಿಯಾಯಿತಿ ಕೊಡುವಾಗ, ನಮ್ಮ ಮೊಮ್ಮಕ್ಕಳಿಂದ ನಮಗೂ ಅದೇ ರಿಯಾಯಿತಿ ಸಿಗಲಿ ಎಂಬ ಆಸೆ ಒಳಗೇ ಇರುತ್ತದೆ. ಊರಿನಲ್ಲಿ ನಮ್ಮ ಮನೆಯ ಕೆಲಸದವಳಿಗೆ ಬೇರೆ ಲೋಟ ಇಟ್ಟಿದ್ದನ್ನು ನಾವೆಲ್ಲ ನೋಡಿ ಬೆಳೆದವರು. ತಪ್ಪೆಂದು ಹೇಳಿದವರು ಆಗಲೂ ಇದ್ದರು. ನಾವು ಕೇಳಿಸಿಕೊಂಡೆವೇ?

ಹುಡುಗಿಯ ಹಾಳೆ ಆ ಸಂಜೆ ಖಾಲಿಯಾಗಿಯೇ ಮನೆಗೆ ಹೋಯಿತು. ಮುಂದಿನ ಸಲ ಸಿಕ್ಕಾಗ ಅವಳಿಗೆ ಹೇಳುವುದಿಷ್ಟು: ಅನ್ನಿಸಿತ್ತು ಮಗು, ಕೆಲವರಿಗೆ ಅನ್ನಿಸಿತ್ತು, ಅವರು ಗಟ್ಟಿಯಾಗಿ ಹೇಳಿಯೂ ಇದ್ದರು. ಓದುಗರಲ್ಲಿ ಭಿನ್ನಾಭಿಪ್ರಾಯ ಇರುವವರು ದಯವಿಟ್ಟು ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಮಾತು ಮುಂದುವರಿಸೋಣ.