ನ್ಯಾಯಾಧೀಶನ ಮೂಲ

ಋಷಿಮೂಲ, ನದೀಮೂಲ ಕೆದಕಬಾರದು ಎಂಬ ಮಾತನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ನ್ಯಾಯಾಧೀಶನ ಮೂಲವನ್ನು ಕೆದಕಬಹುದೆ? ಅರವತ್ತು ದಾಟಿದ ಮೇಲೆ ಒಬ್ಬ ಮನುಷ್ಯ ನ್ಯಾಯದ ಕಡೆಗೆ ಹೊರಳಿದರೆ, ಆ ನ್ಯಾಯ ಅವನೊಳಗೆ ಯಾವ ಬಾಗಿಲಿನಿಂದ ಬಂತು ಎಂದು ವಿಚಾರಿಸುವ ಅಗತ್ಯ ನಮಗಿದೆಯೆ? ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ ಫೆಡರಲ್ ವಿಚಾರಣಾ ನ್ಯಾಯಾಧೀಶನಾಗಿದ್ದ ಜೂಲಿಯಸ್ ವೇಟೀಸ್ ವೇರಿಂಗ್‌ನ ಬದುಕು ನಮ್ಮನ್ನು ಈ ಪ್ರಶ್ನೆಯ ಮುಂದೆ ತಂದು ನಿಲ್ಲಿಸುತ್ತದೆ.

ವೇರಿಂಗ್ ಹುಟ್ಟಿದ್ದು 1880ರಲ್ಲಿ, ಚಾರ್ಲ್ಸ್‌ಟನ್ ನಗರದ ಹಳೆಯ ಮನೆತನವೊಂದರಲ್ಲಿ. ತಂದೆ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಬಯಸಿದ ದಕ್ಷಿಣದ ಪರವಾಗಿ ಹೋರಾಡಿದವನು. ಮಗ ವಕೀಲನಾದ, ಊರಿನ ಗಣ್ಯನಾದ. ಬಿಳಿಯರ ಮೇಲ್ಮೆಯನ್ನು ಬಹಿರಂಗವಾಗಿ ಸಾರುತ್ತಿದ್ದ ಸೆನೆಟರ್ ಎಲಿಸನ್ ಸ್ಮಿತ್‌ನ 1938ರ ಚುನಾವಣೆಗೆ ಚಾರ್ಲ್ಸ್‌ಟನ್ನಿನಲ್ಲಿ ದುಡಿದ. 1942ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವನನ್ನು ನ್ಯಾಯಾಧೀಶನನ್ನಾಗಿ ನೇಮಿಸಿದಾಗ ಅವನಿಗೆ 61 ವರ್ಷ. ಊರಿನವರು ನಿಶ್ಚಿಂತರಾಗಿದ್ದರು. ನಮ್ಮವನೇ ಪೀಠದಲ್ಲಿ ಕೂತಿದ್ದಾನೆ, ಇನ್ನೇನು ಭಯ!

1946ರ ಫೆಬ್ರವರಿ 12ರಂದು ಐಸಾಕ್ ವುಡರ್ಡ್ ಎಂಬ ಕರಿಯ ಸೈನಿಕ ಸೇನೆಯಿಂದ ಬಿಡುಗಡೆಯಾಗಿ, ಸಮವಸ್ತ್ರದಲ್ಲೇ ಬಸ್ಸಿನಲ್ಲಿ ಮನೆಗೆ ಹೊರಟಿದ್ದ. ಮೂತ್ರಕ್ಕೆ ಹೋಗಬೇಕು, ಬಸ್ಸು ನಿಲ್ಲಿಸಿ ಎಂದು ಕೇಳಿದ್ದೇ ಡ್ರೈವರ್ ಜೊತೆಗಿನ ಜಗಳಕ್ಕೆ ಕಾರಣವಾಯಿತು. ಬೇಟ್ಸ್‌ಬರ್ಗ್ ಎಂಬಲ್ಲಿ ಅವನನ್ನು ಇಳಿಸಿ ಪೊಲೀಸರಿಗೆ ಒಪ್ಪಿಸಿದರು. ಅಲ್ಲಿನ ಪೊಲೀಸ್ ಮುಖ್ಯಸ್ಥ ಲಿನ್‌ವುಡ್ ಶಲ್ ಹೊಡೆದ ಹೊಡೆತಕ್ಕೆ ವುಡರ್ಡ್‌ನ ಎರಡೂ ಕಣ್ಣು ಹೋದವು. ನವೆಂಬರ್‌ನಲ್ಲಿ ಮೊಕದ್ದಮೆ ವೇರಿಂಗ್‌ನ ಮುಂದೆ ಬಂತು. ಜ್ಯೂರಿಯಲ್ಲಿದ್ದವರೆಲ್ಲ ಬಿಳಿಯರು. ಸರ್ಕಾರಿ ವಕೀಲನಿಗೆ ಮೊಕದ್ದಮೆ ಗೆಲ್ಲುವ ಮನಸ್ಸೇ ಇರಲಿಲ್ಲ. ಐದು ನಿಮಿಷಕ್ಕೇ ತೀರ್ಪು ಬಂದುಬಿಟ್ಟೀತೆಂದು ಹೇಸಿದ ನ್ಯಾಯಾಧೀಶ ಬೇಕೆಂದೇ ಎದ್ದು ಹೊರಗೆ ನಡೆದಾಡಲು ಹೋದ. ತಾನಿಲ್ಲದೆ ಅವರು ತೀರ್ಪು ಹೇಳುವಂತಿಲ್ಲವಲ್ಲ. ಅವನು ಹಿಂತಿರುಗುವಷ್ಟರಲ್ಲಿ ಅವರು ಕಾದಿದ್ದರು. ಶಲ್ ನಿರ್ದೋಷಿ! ಜ್ಯೂರಿ ತೆಗೆದುಕೊಂಡ ಒಟ್ಟು ಕಾಲ ಅರ್ಧ ಗಂಟೆಯೂ ಇಲ್ಲ. ನ್ಯಾಯಾಲಯದಲ್ಲಿ ಕುಳಿತಿದ್ದ ವೇರಿಂಗ್‌ನ ಹೆಂಡತಿ ಎಲಿಜಬೆತ್ ಅಳುತ್ತಾ ಹೊರನಡೆದಳು. ಜ್ಯೂರಿಯ ಬಿಡುಗಡೆಯ ತೀರ್ಪನ್ನು ಅಳಿಸುವ ಅಧಿಕಾರ ನ್ಯಾಯಾಧೀಶನಿಗಿರಲಿಲ್ಲ. ಗಂಡ ಹೆಂಡತಿ ಮನೆಯಲ್ಲಿ ಕೂತು ವರ್ಣಭೇದದ ಬಗ್ಗೆ ಪುಸ್ತಕಗಳನ್ನು ಓದತೊಡಗಿದರು.

ಕಥೆ ಬರೆಯುವ ನಮ್ಮಂಥವರಿಗೆ ಇಲ್ಲಿ ನಿಲ್ಲಿಸಲು ಆಸೆಯಾಗುತ್ತದೆ. ಒಂದು ಕಣ್ಣೀರು, ಒಂದು ಹೃದಯ ಪರಿವರ್ತನೆ, ಮುಗಿಯಿತು. ಆದರೆ ಚಾರ್ಲ್ಸ್‌ಟನ್ನಿನ ಗಣ್ಯರು ಬೇರೆಯೇ ಕಥೆ ಹೇಳುತ್ತಿದ್ದರು. ಮೂವತ್ತಕ್ಕೂ ಹೆಚ್ಚು ವರ್ಷ ಬಾಳಿದ ಹೆಂಡತಿಗೆ ವೇರಿಂಗ್ 1945ರಲ್ಲಿ ವಿಚ್ಛೇದನ ಕೊಟ್ಟಿದ್ದ. ಅವನ ರಾಜ್ಯದಲ್ಲಿ ವಿಚ್ಛೇದನಕ್ಕೆ ಅವಕಾಶವಿಲ್ಲದ್ದರಿಂದ ಅದು ಫ್ಲಾರಿಡಾದಲ್ಲಿ ನಡೆಯಿತು. ಕೂಡಲೇ ಎರಡು ಸಲ ವಿಚ್ಛೇದಿತೆಯಾಗಿದ್ದ ಉತ್ತರದ ಹೆಂಗಸನ್ನು ಮದುವೆಯಾದ. ಊರು ಅವನನ್ನು ಹೊರಗಿಟ್ಟಿತು, ಅದರ ಸೇಡು ತೀರಿಸಲು ಅವನು ಕರಿಯರ ಪಕ್ಷ ವಹಿಸಿದ ಎಂಬುದು ಅವರ ವಾದ. ತಾರೀಖುಗಳು ಈ ವಾದಕ್ಕೆ ಒಗ್ಗುವುದಿಲ್ಲ. ಕರಿಯ ಶಿಕ್ಷಕರಿಗೆ ಬಿಳಿಯರಷ್ಟೇ ಸಂಬಳ ಸಿಗಬೇಕೆಂದು ಅವನು ಆದೇಶಿಸಿದ್ದು 1944ರಲ್ಲಿ, ವಿಚ್ಛೇದನಕ್ಕೂ ಮೊದಲು. ಆದರೂ ಆ ಗಾಳಿಮಾತಿನಲ್ಲಿ ಒಂದು ಎಳೆ ನಿಜವಿರಬಹುದು ಎಂದು ನಮಗನ್ನಿಸುತ್ತದೆ. ಔತಣಗಳಿಗೆ ಕರೆ ಬರುವವರೆಗೆ ಔತಣದ ಮನೆಯ ಅಡಿಗೆಯವಳು ಯಾವ ಬಾಗಿಲಿನಿಂದ ಒಳಗೆ ಬರುತ್ತಾಳೆಂದು ಯಾರೂ ನೋಡುವುದಿಲ್ಲ. ಹೊರಗೆ ನಿಂತವನಿಗೆ ಹಿತ್ತಿಲ ಬಾಗಿಲು ಕಾಣುತ್ತದೆ. ಹಾಗೆಂದು ಮೊದಲ ಹೆಂಡತಿಗೆ ಆದದ್ದು ಸರಿ ಎನ್ನಲು ನಾವು ತಯಾರಿಲ್ಲ.

ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಕರಿಯರಿಗೂ ಮತವುಂಟು ಎಂದು ಅವನು 1947ರಲ್ಲಿ ತೀರ್ಪಿತ್ತ. ಪಕ್ಷವೊಂದು ಖಾಸಗಿ ಕ್ಲಬ್ಬು, ಯಾರನ್ನು ಬೇಕಾದರೂ ಹೊರಗಿಡಬಹುದು ಎಂಬ ವಾದವನ್ನು ಒಪ್ಪಲಿಲ್ಲ. 1950ರಲ್ಲಿ ಅವನ ಮನೆಯೆದುರು ಶಿಲುಬೆ ಸುಟ್ಟರು, ಕಿಟಕಿಗೆ ಕಲ್ಲು ಬಿತ್ತು.

ಆಮೇಲೆ ಬಂದದ್ದು ಕ್ಲಾರೆಂಡನ್ ಕೌಂಟಿಯ ಮೊಕದ್ದಮೆ. ಉರ್ದುವಿನಲ್ಲಿ ನ್ಯಾಯಕ್ಕೆ 'ಇನ್ಸಾಫ್' ಎನ್ನುತ್ತೇವೆ. ಅದರ ಮೂಲದಲ್ಲಿರುವುದು ಅರಬ್ಬಿಯ 'ನಿಸ್ಫ್', ಅಂದರೆ ಅರ್ಧ. ಸರಿಯಾಗಿ ಎರಡು ಪಾಲು ಮಾಡುವುದೇ ಇನ್ಸಾಫ್. 'ಬೇರೆ ಬೇರೆ, ಆದರೆ ಸಮಾನ' ಎಂಬ 1896ರ ಅಮೆರಿಕದ ಸಿದ್ಧಾಂತವೂ ಹೀಗೇ ಪಾಲಿನ ಮಾತಾಡುತ್ತಿತ್ತು. ಆದರೆ ಕ್ಲಾರೆಂಡನ್ನಿನಲ್ಲಿ ಒಂದು ಬಿಳಿ ಮಗುವಿನ ಶಿಕ್ಷಣಕ್ಕೆ ವರ್ಷಕ್ಕೆ 179 ಡಾಲರ್, ಕಪ್ಪು ಮಗುವಿಗೆ 43. ಬಿಳಿ ಮಕ್ಕಳಿಗೆ 30 ಶಾಲಾ ಬಸ್ಸುಗಳು, ಕಪ್ಪು ಮಕ್ಕಳಿಗೆ ಒಂದೂ ಇಲ್ಲ. ತಂದೆತಾಯಿಯರು ಮೊದಲು ಕೇಳಿದ್ದು ಒಂದು ಬಸ್ಸನ್ನು ಮಾತ್ರ.

ವಕೀಲ ಥರ್ಗುಡ್ ಮಾರ್ಷಲ್ ಸಮಾನ ಸೌಲಭ್ಯ ಕೇಳಿ ದಾವೆ ಹೂಡಿದ್ದ. 1950ರ ನವೆಂಬರ್‌ನಲ್ಲಿ ವೇರಿಂಗ್ ಅವನಿಗೆ, ಇದನ್ನು ಹಿಂತೆಗೆದುಕೊಂಡು ಪ್ರತ್ಯೇಕತೆಯನ್ನೇ ಪ್ರಶ್ನಿಸುವ ಹೊಸ ದಾವೆ ತನ್ನಿ ಎಂದು ಸೂಚಿಸಿದ. ಹಾಗಾದರೆ ಮೊಕದ್ದಮೆ ಮೂವರು ನ್ಯಾಯಾಧೀಶರ ಮುಂದೆ ಬರುತ್ತದೆ, ತಾನು ಅಲ್ಪಮತದಲ್ಲಿ ಸೋಲುತ್ತೇನೆ, ಆದರೆ ಮೇಲ್ಮನವಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುತ್ತದೆ ಎಂಬ ಲೆಕ್ಕ ಅವನಿಗಿತ್ತು. ಹಾಗೆಯೇ ಆಯಿತು. 1951ರ ಜೂನ್‌ನಲ್ಲಿ ಇಬ್ಬರು ಒಂದು ಕಡೆ, ಇವನೊಬ್ಬ ಇನ್ನೊಂದು ಕಡೆ. ಪ್ರತ್ಯೇಕಿಸುವುದೇ ಅಸಮಾನತೆ ಎಂದು ಅವನು ಬರೆದ ಭಿನ್ನಮತದ ನಿಲುವನ್ನೇ 1954ರಲ್ಲಿ ಬ್ರೌನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸರ್ವಾನುಮತದಿಂದ ಎತ್ತಿಹಿಡಿಯಿತು.

ಮೆಚ್ಚುತ್ತೇವೆ, ಆದರೆ ಮುಜುಗರವೂ ಆಗುತ್ತದೆ. ದಾವೆ ಹೇಗೆ ಹೂಡಬೇಕೆಂದು ಒಂದು ಪಕ್ಷಕ್ಕೆ ಹೇಳಿಕೊಡುವವನು ನ್ಯಾಯಾಧೀಶನೆ? ಇದೇ ಕೆಲಸವನ್ನು ನಮಗೆ ವಿರುದ್ಧವಾದ ಪಕ್ಷಕ್ಕಾಗಿ ಇನ್ನೊಬ್ಬ ಮಾಡಿದ್ದರೆ ನಾವು ಬೊಬ್ಬೆ ಹೊಡೆಯುತ್ತಿದ್ದೆವು. ವೇರಿಂಗ್‌ನ ಪರವಾಗಿ ಹೇಳಬಹುದಾದದ್ದು ಇಷ್ಟೆ: ಅವನು ಸಾಕ್ಷ್ಯವನ್ನು ತಿರುಚಲಿಲ್ಲ, ಯಾರ ಬಾಯಿಯನ್ನೂ ಮುಚ್ಚಿಸಲಿಲ್ಲ. ಎಲ್ಲರೂ ಸುತ್ತಿ ಬಳಸಿ ದಾಟುತ್ತಿದ್ದ ಪ್ರಶ್ನೆಯನ್ನು ನೇರವಾಗಿ ಕೇಳಿ ಎಂದ. ಅಷ್ಟರಿಂದ ಮುಜುಗರ ಪೂರ್ತಿ ಹೋಗುತ್ತದೆಯೆ? ನಮಗೆ ಹೋಗಿಲ್ಲ.

ಇನ್ನೊಂದು ವಿಷಯವನ್ನು ಮರೆಯುವಂತಿಲ್ಲ. ಫೆಡರಲ್ ನ್ಯಾಯಾಧೀಶನ ನೇಮಕ ಆಜೀವ. ಅವನ ಸಂಬಳವನ್ನು ಕಡಿತ ಮಾಡುವಂತಿಲ್ಲ. ವೇರಿಂಗ್‌ನನ್ನು ಊರು ಹೊರಗಿಟ್ಟಿತು, ಹಸಿವಿಗೆ ದೂಡಲಾಗಲಿಲ್ಲ. 1952ರಲ್ಲಿ ನಿವೃತ್ತನಾಗಿ ನ್ಯೂಯಾರ್ಕಿಗೆ ಹೋದ. ದಾವೆಗೆ ಹೆಸರು ಕೊಟ್ಟ ಹ್ಯಾರಿ ಬ್ರಿಗ್ಸ್ ಪೆಟ್ರೋಲ್ ಬಂಕಿನ ಕೆಲಸ ಕಳೆದುಕೊಂಡ, ಅವನ ಹೆಂಡತಿ ಎಲೈಜಾ ಮೋಟೆಲಿನ ಕೆಲಸ ಕಳೆದುಕೊಂಡಳು. ಜನರನ್ನು ಒಗ್ಗೂಡಿಸಿದ ಪಾದ್ರಿ ಜೋಸೆಫ್ ಡಿಲೇನ್‌ನ ಮನೆ ಸುಟ್ಟಿತು, ಚರ್ಚೂ ಸುಟ್ಟಿತು. 1955ರಲ್ಲಿ ರಾತ್ರಿ ಗುಂಡು ಹಾರಿಸಿದವರತ್ತ ತಿರುಗಿ ಗುಂಡು ಹಾರಿಸಿದ್ದಕ್ಕೆ ಅವನ ಮೇಲೇ ವಾರಂಟು ಹೊರಟು, ಅವನೂ ಊರು ಬಿಟ್ಟು ಓಡಬೇಕಾಯಿತು. ಆ ಆರೋಪ ಅಳಿದದ್ದು 2000ದಲ್ಲಿ. ಆಗ ಅವನು ಬದುಕಿರಲಿಲ್ಲ.

1968ರ ಜನವರಿಯಲ್ಲಿ ವೇರಿಂಗ್ ಹೆಣವಾಗಿ ಚಾರ್ಲ್ಸ್‌ಟನ್ನಿಗೆ ಹಿಂತಿರುಗಿದ. ಮ್ಯಾಗ್ನೋಲಿಯಾ ಸ್ಮಶಾನಕ್ಕೆ ಸುಮಾರು ಇನ್ನೂರು ಕರಿಯರು ಬಂದರು. ಬಿಳಿಯರನ್ನು ಬೆರಳಲ್ಲಿ ಎಣಿಸಬಹುದಿತ್ತು. 2015ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯದ ಕಟ್ಟಡಕ್ಕೆ ಅವನ ಹೆಸರಿಟ್ಟರು. ಐಸಾಕ್ ವುಡರ್ಡ್ ಕುರುಡನಾಗಿಯೇ ನ್ಯೂಯಾರ್ಕಿನಲ್ಲಿ 1992ರವರೆಗೆ ಬದುಕಿದ್ದ. ಅವನನ್ನು ಹೊಡೆದ ಶಲ್ ಅವನಿಗಿಂತ ಐದು ವರ್ಷ ಹೆಚ್ಚು ಬದುಕಿ, 1997ರಲ್ಲಿ ತೊಂಬತ್ತೈದನೆಯ ವಯಸ್ಸಿನಲ್ಲಿ ಸತ್ತ.