ದನ ಕೂಡುವ ಜಾಗ

ಜೂನ್ ಐದರ ಬೆಳಿಗ್ಗೆ ನಾಲವಾರದ ಆಸುಪಾಸಿನ ಒಂದು ಊರಲ್ಲಿ ನಾವು ಶಾಮಿಯಾನ ಹಾಕಿಕೊಂಡು ಜನರಿಗಾಗಿ ಕಾದು ಕೂತಿದ್ದೆವು. ಬ್ಯಾನರ್ ಕಟ್ಟಿಯಾಗಿತ್ತು, ಮೈಕು ಬಂದಿತ್ತು, ಕಪ್ಪು ಪಾಕೀಟಿನ ಸಸಿಗಳು ಸಾಲಾಗಿ ನಿಂತಿದ್ದವು. ಹತ್ತೂವರೆಯಾದರೂ ಕುರ್ಚಿ ತುಂಬಲಿಲ್ಲ. ಕೊನೆಗೆ ಶಾಲೆಯ ಮಕ್ಕಳನ್ನು ಕರೆತಂದು ಕೂರಿಸಿದೆವು. ಭಾಷಣ ಮುಗಿದು ಗುಂಡಿಯ ಹತ್ತಿರ ಹೋಗುವಷ್ಟರಲ್ಲಿ ಹನ್ನೆರಡು ದಾಟಿ, ಕರಿಮಣ್ಣು ಹಂಚಿನಂತೆ ಕಾದಿತ್ತು. ವಾಪಸು ಬರುವ ದಾರಿಯಲ್ಲಿ ನಾನು ಆಡಿದ ಮಾತು ಇನ್ನೂ ನನ್ನನ್ನು ಚುಚ್ಚುತ್ತದೆ: 'ಈ ಜನಕ್ಕೆ ಪರಿಸರದ ಕಾಳಜಿ ಅನ್ನೋದೇ ಇಲ್ಲ.'

ಅದು ಅನ್ಯಾಯದ ಮಾತು. ಅನ್ಯಾಯ ಎಲ್ಲಿತ್ತೆಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು.

ಮೊದಲು ತಾರೀಖನ್ನೇ ನೋಡೋಣ. 1972ರ ಜೂನ್ 5ರಂದು ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಶುರುವಾಯಿತು; ಅದರ ನೆನಪಿಗೆ ಆ ದಿನ ವಿಶ್ವ ಪರಿಸರ ದಿನವಾಯಿತು. ನಮ್ಮಲ್ಲಿ ಮಿರಗ, ಅಂದರೆ ಮೃಗಶಿರ ಮಳೆ, ಕೂಡುವುದು ಅದಾದ ಎರಡು ಮೂರು ದಿನಕ್ಕೆ. ಆ ಹೊತ್ತಿನಲ್ಲಿ ರೈತ ಹೊಲ ಹರಗಿಟ್ಟು, ತೊಗರಿ ಬೀಜಕ್ಕೆ, ಗೊಬ್ಬರಕ್ಕೆ ಓಡಾಡುತ್ತ, ಮುಗಿಲ ಕಡೆ ಕಣ್ಣಿಟ್ಟಿರುತ್ತಾನೆ. ಶಹಾಬಾದ ಕಡೆಯ ಫರಸಿ ಕಲ್ಲಿನ ಗಣಿಗೋ ವಾಡಿಯ ಸಿಮೆಂಟಿನ ಕೆಲಸಕ್ಕೋ ಕೂಲಿ ಹೋಗುವವನಿಗೆ ಅರ್ಧ ದಿನ ತಪ್ಪಿದರೆ ಅರ್ಧ ಪಗಾರ ಹೋಯಿತು. ಅವರಿಗೆ ಬಿಡುವಿಲ್ಲದ ದಿನವನ್ನೇ ಆರಿಸಿ, ಮಳೆ ಬರುವ ಮೊದಲೇ ಸಸಿ ನೆಟ್ಟು, ಬರಲಿಲ್ಲವೆಂದು ದೂರಿದವರು ನಾವು.

ಇದೇ ಜನ ಎಳ್ಳಮಾವಾಸ್ಯೆಯ ದಿನ ಊರು ಬಿಟ್ಟು ಹೊಲಕ್ಕೆ ಹೋಗುವುದನ್ನು ನೋಡಬೇಕು. ಊರಲ್ಲಿ ನಾಯಿ ಬಿಟ್ಟರೆ ಯಾರೂ ಉಳಿಯುವುದಿಲ್ಲ. ಹಿಂದಿನ ರಾತ್ರಿಯೇ ಭಜ್ಜಿಯ ತಯಾರಿ ನಡೆದಿರುತ್ತದೆ: ಹಸಿ ತೊಗರಿಕಾಳು, ಕಡಲೆಕಾಳು, ಅವರೆಕಾಳು, ಮೆಂತ್ಯೆ, ಬದನೆ, ಹುಣಸೆಹುಳಿ, ಕಡಲೆಹಿಟ್ಟು ಎಲ್ಲ ಒಂದೇ ಪಾತ್ರೆಯಲ್ಲಿ. ಜೊತೆಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ. ನಿಂತ ಬಿಳಿಜೋಳದ ನಡುವೆ ಚರಗ ಚೆಲ್ಲಿ, ಭೂಮಿಗೆ ಉಣಿಸಿದ ಮೇಲೆಯೇ ತಾವು ಕೂತು ಉಣ್ಣುತ್ತಾರೆ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯುತ್ತಾರೆ. ಕರಪತ್ರ, ಮುಖ್ಯ ಅತಿಥಿ ಯಾವುದೂ ಬೇಕಿಲ್ಲ. ಬಂದವರೆಲ್ಲರ ಕೈಯಲ್ಲೂ ಒಂದು ಬುತ್ತಿ, ಒಂದು ಕೆಲಸ. ನಾಲವಾರದ ಕೋರಿಸಿದ್ಧೇಶ್ವರ ಮಠದ ತನಾರತಿಯಲ್ಲೂ ಹಾಗೆಯೇ: ಭಕ್ತರು ದೀಪವನ್ನು ತಮ್ಮ ಕೈಯಲ್ಲೇ ಹಿಡಿದು ಬೆಳಗುತ್ತಾರೆ.

ಇದು ಹಬ್ಬದ ಮಾತಾಯಿತು, ಪರಿಸರದ ಕಾರ್ಯಕ್ರಮಕ್ಕೆ ಹಾಗೆಲ್ಲ ಯಾರು ಬರುತ್ತಾರೆ ಎನ್ನುವವರಿದ್ದಾರೆ. ಅವರಿಗೆ ನಾನು ಕುಸನೂರಿನ ಹೆಸರು ಹೇಳುತ್ತೇನೆ.

1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿದವು. ಹಳ್ಳಿಗಳ ಗೋಮಾಳ, ಗುಡ್ಡಗಾಡಿನ ಸರ್ಕಾರಿ ಜಮೀನಿನಲ್ಲಿ ಕಾರ್ಖಾನೆಗಾಗಿ ನೀಲಗಿರಿ ಬೆಳೆಯುವುದು ಅದರ ಕೆಲಸ. ನೀಲಗಿರಿಯನ್ನು ದನ ಮುಟ್ಟುವುದಿಲ್ಲ. ಮೇವು, ಉರುವಲು ಎರಡೂ ಹೋದವು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಜನರನ್ನು ಕೂಡಿಸಿತು. ಶಿವರಾಮ ಕಾರಂತರೂ ಸಂಗಡಿಗರೂ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1987ರ ನವೆಂಬರ್ 14ರಂದು, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಜನ ಸೇರಿದರು. ಹೆಂಗಸರು ಗಂಡಸರು ಮಕ್ಕಳೆನ್ನದೆ ಎಲ್ಲರೂ ಅಹಿಂಸೆಯ ಪ್ರಮಾಣ ಮಾಡಿ, ವಾದ್ಯದವರನ್ನು ಮುಂದಿಟ್ಟುಕೊಂಡು ಆ ಜಮೀನಿಗೆ ನಡೆದರು. ನೂರು ನೀಲಗಿರಿ ಸಸಿ ಕಿತ್ತರು, ಆ ಜಾಗದಲ್ಲಿ ಹಣ್ಣಿನ, ಮೇವಿನ ಗಿಡ ಹಚ್ಚಿದರು. ಅದಕ್ಕೇ ಅದು 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ. 1991ರಲ್ಲಿ ಆ ಕಂಪನಿಯೇ ಮುಚ್ಚಿತು.

ಕುಸನೂರಿನ ಜನ ಚದುರುವ ಮೊದಲು ಮಾಡಿದ ಕೆಲಸ ನನ್ನನ್ನು ಹೆಚ್ಚು ತಟ್ಟುತ್ತದೆ. ಹಚ್ಚಿದ ಗಿಡಗಳಿಗೆ ನೀರು ಹಾಕಿ ಸಾಕುತ್ತೇವೆಂದು ಅವರು ಪ್ರತಿಜ್ಞೆ ಮಾಡಿದರು. ನವೆಂಬರ್ ನಡುವೆ ಮಳೆ ಹಿಂದೆ ಬಿದ್ದಿರುತ್ತದೆ, ಮುಂದೆ ಇರುವುದು ಬೇಸಿಗೆ. ಹೊರುವವರಿಲ್ಲದಿದ್ದರೆ ಗಿಡ ಉಳಿಯದು. ಆ ಪ್ರತಿಜ್ಞೆ ಎಂದರೆ ನೀರಿನ ಕೊಡದ ಲೆಕ್ಕ, ಹೆಗಲ ಲೆಕ್ಕ. ನಮ್ಮ ಕಾರ್ಯಕ್ರಮ ವಂದನಾರ್ಪಣೆಗೆ ಮುಗಿದಿತ್ತು. ಮರುದಿನ ಯಾರು ನೀರು ಹಾಕುತ್ತಾರೆಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ.

ಮರುವರ್ಷ ಮತ್ತೆ ಆ ಊರಿಗೆ ಹೋದೆ. ಗುಂಡಿಗಳು ಮುಚ್ಚಿಹೋಗಿದ್ದವು, ಪಾಕೀಟಿನ ಚೂರುಗಳು ಜಾಲಿಮುಳ್ಳಿಗೆ ಸಿಕ್ಕಿಕೊಂಡಿದ್ದವು. ಸೆಗಣಿ ಬಳಿಯುತ್ತಿದ್ದ ಒಬ್ಬ ಮುದುಕಿಯನ್ನು, ಯಾಕವ್ವಾ ಒಂದೂ ಉಳಿಯಲಿಲ್ಲ ಅಂತ ಕೇಳಿದೆ. ಆಕೆ ಬುಟ್ಟಿ ಕೆಳಗಿಟ್ಟು ಹೇಳಿದಳು: 'ಗಿಡ ಹಚ್ಚಿದ್ದು ಚಲೋನೇ ಆಯ್ತು ಬಿಡಪ್ಪಾ. ಖರೆ, ಮುಂಜಾನಿ ಊರ ದನ ಎಲ್ಲ ಕೂಡೋದು ಇದೇ ಜಾಗದಾಗ. ಕೇಳಿದ್ರ ಹೇಳ್ತಿದ್ದೆ.'

ಕಂಪನಿ ಕುಸನೂರಿನಲ್ಲಿ ಮಾಡಿದ್ದನ್ನೇ ನಾವು ಒಳ್ಳೆಯ ಮನಸ್ಸಿನಿಂದ, ಕೆಲವೇ ಗುಂಡಿಗಳಷ್ಟು ಮಾಡಿದ್ದೆವು. ಕಣ್ಣಿಗೆ ಖಾಲಿ ಕಂಡದ್ದನ್ನು ಖಾಲಿ ಎಂದುಕೊಂಡೆವು. ನಮ್ಮದು ಹಸಿರಿನ ಕೆಲಸವಾದ್ದರಿಂದ ಕೇಳುವ ಅಗತ್ಯವಿಲ್ಲ ಎಂಬ ಭಾವನೆ ಒಳಗೆ ಇತ್ತು. ಪುಣ್ಯದ ಕೆಲಸ ಮಾಡುವವನಿಗೆ ಈ ಸೊಕ್ಕು ಬಲುಬೇಗ ಹತ್ತುತ್ತದೆ, ಹತ್ತಿದ್ದು ಗೊತ್ತೂ ಆಗುವುದಿಲ್ಲ.

ಜೊತೆಗಾರರು ಉಪಾಯ ಹೇಳುತ್ತಾರೆ: ನಾಷ್ಟಾ ಕೊಡೋಣ, ಹಾಡಿನವರನ್ನು ಕರೆಸೋಣ, ಚೀಟಿ ಎತ್ತಿ ಬಹುಮಾನ ಹಂಚೋಣ. ಉಣ್ಣಿಸುವುದು ತಪ್ಪೆಂದು ದಾಸೋಹದ ನಾಡಿನಲ್ಲಿ ಯಾರು ಹೇಳಿಯಾರು? ಆದರೆ ತಲೆ ಎಣಿಸುವುದಕ್ಕಾಗಿ ಇಡುವ ಎಲೆಗೂ ಕೂಡಿ ದುಡಿದವರು ಕೂಡಿ ಉಣ್ಣುವ ಎಲೆಗೂ ಬಹಳ ಅಂತರವಿದೆ. ಎಲೆ ಹಾಕಿಸುವ ಮೊದಲು ನಾನು ಆ ಮುದುಕಿಯ ಅಂಗಳದಲ್ಲಿ ಕೂತು ಕೇಳಬೇಕಿತ್ತು.

ಈ ಸಲ ಕೂತೆ. ನಾಲ್ಕಾರು ಹೆಣ್ಣುಮಕ್ಕಳು ಬಂದು ಸೇರಿದರು. 'ಸೋಮವಾರ ಇಡ್ರಿ, ಅವತ್ತು ಎತ್ತು ಹೂಡಂಗಿಲ್ಲ' ಅಂದಳೊಬ್ಬಳು. ಎರಡು ಮಳೆ ಆಗಿ ಮಣ್ಣು ತಣ್ಣಗಾಗಲಿ ಅಂದಳು ಇನ್ನೊಬ್ಬಳು. ಜಾಗ ಬಾವಿಯ ಮಗ್ಗುಲು ಎಂದು ತಾವೇ ಗೊತ್ತುಮಾಡಿದರು. ಗಿಡ ಯಾವುದು ಎಂಬಲ್ಲಿ ಮಾತು ತಡೆಯಿತು. ಮುದುಕಿ ಹುಣಸಿ ಅಂದಳು, ಸೊಸೆ ಬೇವು ಅಂದಳು. ಹುಣಸಿ ಗಿಡದಾಗ ದೆವ್ವ ಇರತಾವ ಅಂತ ಒಬ್ಬಳು; ಹುಳಿ ಇಲ್ಲದ ಭಜ್ಜಿ ನಿನ್ನ ಗಂಡ ಉಣ್ಣತಾನೇನು ಅಂತ ಮುದುಕಿ. ದನ ಮನೆಗೆ ಬರುವ ಹೊತ್ತಾದರೂ ಆ ವಾದ ಹರಿಯಲಿಲ್ಲ.