ಹಠವೋ, ದುಃಖವೋ?

ಮಗುವಿನ ಹಠ ಒಂದು ದೋಷವೆ, ಅಥವಾ ಹೇಳಲು ಬಾರದ ದುಃಖವೆ? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ನೀತಿಶಾಸ್ತ್ರದ ಪಂಡಿತರಲ್ಲ. ಮಧುಗಿರಿಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುವ ಒಬ್ಬ ದಾದಿ.

ನನ್ನ ಮಗನಿಗೆ ಆಗ ಐದು ವರ್ಷ. ಅವನ ಅಜ್ಜಿ ತೀರಿಕೊಂಡು ಎರಡು ತಿಂಗಳಾಗಿತ್ತು. ಹುಡುಗ ರಾತ್ರಿ ಬೆಚ್ಚಿ ಏಳುವನು, ಹಾಸಿಗೆ ಒದ್ದೆ ಮಾಡುವನು, ಶಾಲೆಯೆಂದರೆ ಬಾಗಿಲು ಹಿಡಿದು ಅಳುವನು. ಮುದ್ದು ಹೆಚ್ಚಾಯಿತೆಂದು ಗದರಿದೆ. ಒಂದು ದಿನ ಹೊಡೆದುದನ್ನೂ ಮುಚ್ಚಿಡಲಾರೆ. ಐದನೆಯ ವರ್ಷದ ಚುಚ್ಚುಮದ್ದಿಗೆ ಕರೆದೊಯ್ದಾಗ ಆ ದಾದಿ, "ರಾತ್ರಿ ಚೆನ್ನಾಗಿ ನಿದ್ದೆ ಮಾಡ್ತಾನಾ ಸಾರ್?" ಎಂದರು. ನಾನು ದೂರುಗಳನ್ನೆಲ್ಲ ಹೇಳಿದೆ. "ಮನೇಲಿ ಏನಾದ್ರೂ ಆಯ್ತಾ?" ಎಂದರು. ಅಜ್ಜಿಯ ವಿಷಯ ಹೇಳಿದೆ. "ಅದನ್ನ ಅವನಿಗೆ ಯಾರಾದ್ರೂ ತಿಳಿಸಿ ಹೇಳಿದ್ರಾ?" ಯಾರೂ ಹೇಳಿರಲಿಲ್ಲ.

ಅಂದು ಸಂಜೆ ಮಗನನ್ನು ಕೂರಿಸಿಕೊಂಡು ಹೇಳಿದೆ. ಬಹಳ ಹೊತ್ತಿನ ಮೇಲೆ ಅವನೆಂದ: "ನಾನು ಹಾಲು ಚೆಲ್ಲಿದ್ದಕ್ಕೆ ಅಜ್ಜಿ ಹೋದ್ಲು ಅಂದ್ಕೊಂಡಿದ್ದೆ." ತನಗೆ ತಾನೇ ಶಿಕ್ಷೆ ವಿಧಿಸಿಕೊಂಡಿದ್ದ ಹುಡುಗನನ್ನು ನಾನು ಮತ್ತೊಮ್ಮೆ ಶಿಕ್ಷಿಸಿದ್ದೆ!

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಬಡಮಳೆಯ ಸೀಮೆ. ಕೂಲಿಗಾಗಿ ಬೆಂಗಳೂರಿಗೆ ಹೋದ ತಂದೆತಾಯಿಗಳ ಮಕ್ಕಳು ಅಜ್ಜಿಯರ ಬಳಿ ಉಳಿಯುವುದುಂಟು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಬೆಳವಣಿಗೆಯ ಕುಂದುಗಳನ್ನು ಗುರುತಿಸುತ್ತಿರುವುದು ಒಳ್ಳೆಯ ಕೆಲಸ. ಆದರೆ ನಡೆ, ನುಡಿ ಸರಿಯಿರುವ ಮಗುವಿಗೂ ಅಂಜಿಕೆಯಿರುತ್ತದೆ. ಮಾನಸಿಕ ವೈದ್ಯರ ಬಾಗಿಲಿಗೆ ಹೋಗಲು ಸಂಕೋಚಪಡುವ ತಾಯಿ ಆರನೆಯ ವಾರದಿಂದ ಐದನೆಯ ವರ್ಷದವರೆಗೆ ಚುಚ್ಚುಮದ್ದಿಗೆ ಮಾತ್ರ ನಿಸ್ಸಂಕೋಚವಾಗಿ ಬರುತ್ತಾಳೆ. ಕೇಳಬೇಕಾದ ಸ್ಥಳ ಅದೇ ಅಲ್ಲವೆ?

ಪ್ರತಿ ಅಳುವಿಗೂ ರೋಗದ ಹೆಸರಿಡಬೇಕೆ ಎಂದು ಆಕ್ಷೇಪಿಸುವವರಿದ್ದಾರೆ. ಕೇಳುವುದೆಂದರೆ ಹೆಸರಿಡುವುದಲ್ಲ. ಇನ್ನೊಂದು ಆಕ್ಷೇಪ ಕಠಿಣವಾದುದು: ಕೇಳಿದ ಮೇಲೆ ನೆರವು ಸಿಗದಿದ್ದರೆ? ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರು. ದಿನದ ಕೂಲಿ ಬಿಟ್ಟು ಎಷ್ಟು ಸಲ ಹೋದಾರು? ನಿಜ, ಕೇಳಿದವರಿಗೆ ಹೊಣೆ ಅಂಟಿಕೊಳ್ಳುತ್ತದೆ. ಆದರೆ ಹೊಣೆಗೆ ಹೆದರಿ ಕೇಳದಿರುವುದು, ಗಾಯ ಕಾಣಬಾರದೆಂದು ದೀಪ ಆರಿಸಿದಂತೆ. ಹಲವು ಮಕ್ಕಳಿಗೆ ಬೇಕಾದ ಮದ್ದು ಮನೆಯಲ್ಲೇ ಇರುತ್ತದೆ. ಉಳಿದವರಿಗೆ ತಾಲೂಕಿನಲ್ಲೇ ನೆರವು ಒದಗಿಸುವುದು ಸರ್ಕಾರದ ಋಣ.

ನನ್ನ ಮನೆಯ ಮದ್ದಿಗೆ ಹಿಡಿದದ್ದು ಒಂದು ಸಂಜೆ ಮಾತ್ರ. ಅದಕ್ಕೆ ಮುಂಚೆ ಎರಡು ತಿಂಗಳು ಕಳೆದಿದ್ದವು. ಆ ಲೆಕ್ಕ ಇಂದಿಗೂ ನನ್ನನ್ನು ಕಾಡುತ್ತದೆ.